ಕಿತ್ತರೆ ಹಾಲು ಬರುವ ಸೊಪ್ಪು

“ಅಣ್ಣನಿಗೆ ಯಾವ ಕಳೆ ಹಾಕಿದರೆ ಸಾಯಲ್ಲಪ್ಪಾ?”

ನರ್ಸರಿಯ ಕೊನೆಯ ಸಾಲಿನಲ್ಲಿ, ಯಾರೂ ಕೊಳ್ಳದ ಗಿಡಗಳ ಮುಂದೆ ನಿಂತು, ಒಬ್ಬ ಗಂಡಸು ಗಾಳಿಯನ್ನು ಕೇಳುವವನ ಹಾಗೆ ಕೇಳಿದ. ಸುತ್ತ ಯಾರೂ ಇರಲಿಲ್ಲ. ಇದ್ದವಳೊಬ್ಬಳು ಕುಂಡಗಳ ಹಿಂದೆ ಕುಕ್ಕರಗಾಲಲ್ಲಿ ಕೂತು, ಕಳ್ಳಿಗಿಡಕ್ಕೆ ‘ಮುಟ್ಟಬೇಡಿ’ ಎಂದು ಬೋರ್ಡು ಬರೆಯುತ್ತಿದ್ದಳು. ಮಾತು ಕಿವಿಗೆ ಬಿದ್ದದ್ದೇ ಅವಳ ಕುಂಚ ಅರ್ಧಕ್ಕೆ ನಿಂತಿತು. ಬಣ್ಣದ ಹನಿಯೊಂದು ಜಾರಿ, ಬೇಡದ ಅಕ್ಷರಕ್ಕೆ ಬೇಡದ ಕೊಂಬು ಬಂತು.

ಅಣ್ಣನಿಗೆ ಕಳೆ! ಒಡಹುಟ್ಟಿದವನಿಗೆ! ಅವಳು ದಡಬಡನೆ ಎದ್ದಳು.

“ಕಳೆ ಯಾಕ್ರೀ ಹಾಕ್ತೀರಾ ಅಣ್ಣನಿಗೆ? ಅನ್ನ ಹಾಕಿ!”

ಅವನು ಬೆಚ್ಚಿ ತಿರುಗಿದ. “ಅನ್ನ ತಿನ್ನಲ್ಲ ಅವನು.”

“ಮುನಿಸಿಕೊಂಡಿದಾರಾ?”

“ಇಲ್ಲ. ಆಮೆ ಅವನು.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವಳು ಅವಳು. ಆಮೇಲೆ ಅವನು, ಸ್ವಲ್ಪ ತಡವಾಗಿ, ನಗಬಹುದೋ ಬಾರದೋ ಎಂದು ಅಳೆದು ನೋಡಿ ನಕ್ಕ.

“ನಾನು ಹುಟ್ಟೋಕೆ ಮುಂಚೆಯಿಂದ ಮನೇಲಿದಾನೆ. ‘ನಿನಗಿಂತ ದೊಡ್ಡವನು ಕಣೋ, ಮರ್ಯಾದೆಯಿಂದ ಅಣ್ಣ ಅನ್ನು’ ಅಂತ ಅತ್ತೆ ಕಲಿಸಿದ್ರು. ಅದೇ ಹೆಸರು ನಿಂತುಬಿಡ್ತು. ಇಷ್ಟು ದಿನ ಸೌತೆಕಾಯಿ, ಟೊಮೆಟೊ ಹಾಕ್ತಿದ್ವಿ. ಪ್ರಾಣಿ ಡಾಕ್ಟರು ನೋಡಿ ಬೈದ್ರು. ಹಿತ್ತಲಲ್ಲಿ ಒಂದು ಆವರಣ ಕಟ್ಟಿ, ಒಳ್ಳೆ ಕಳೆ ಬೆಳೆಸಿ, ತಾನಾಗೇ ಮೇಯ್ಕೊಂಡಿರಲಿ ಅಂದ್ರು. ಆವರಣ ಕಟ್ಟಿದೆ. ಯಾವ ಕಳೆ ಅಂತ ಕೇಳೋದು ಮರೆತೆ.”

“ವಾಪಸ್ ಹೋಗಿ ಕೇಳಬಹುದಿತ್ತಲ್ಲ.”

“ಅವರು ಬೈಯೋ ರೀತಿ ನೀವು ನೋಡಿಲ್ಲ.”

ಅವನು ಕನ್ನಡಕ ತೆಗೆದ. ಜೇಬಿನಿಂದ ಮೆತ್ತನೆಯ ಹಳದಿ ಬಟ್ಟೆ ತೆಗೆದು, ಮೊದಲು ಎಡಗಾಜು, ಆಮೇಲೆ ಬಲಗಾಜು, ಮಗುವಿನ ಮೂಗು ಒರೆಸುವಷ್ಟು ಜೋಪಾನವಾಗಿ ಒರೆಸಿದ. ಮತ್ತೆ ಹಾಕಿಕೊಂಡು ಅವಳನ್ನು ನೋಡಿದ. ಬರಿಯ ನೋಟವಲ್ಲ ಅದು. ಮಸುಕಾಗಿ ಕಂಡಿದ್ದನ್ನು ಈಗ ಸ್ಪಷ್ಟವಾಗಿ ಕಾಣುತ್ತಿದ್ದೇನೆ ಎನ್ನುವವನ ನೋಟ. ಅವಳ ಹಸಿರು ಏಪ್ರನ್ನು, ಮಣ್ಣಾದ ಮೊಣಕಾಲು, ಕಿವಿಯ ಹಿಂದೆ ಸಿಕ್ಕಿಸಿದ ಕುಂಚ, ಎಲ್ಲವನ್ನೂ ಆ ನೋಟ ಮೆಲ್ಲಗೆ ಓದಿಕೊಂಡಿತು.

“ನೀವು ಗಿಡದವರಾ?”

“ಹೂಂ,” ಎಂದುಬಿಟ್ಟಳು ಅವಳು.

ಅವಳು ಗಿಡದವಳಲ್ಲ. ಗಿಡದವರು ಅವಳ ಚಿಕ್ಕಮ್ಮ, ನರ್ಸರಿ ಚಿಕ್ಕಮ್ಮನದು. ಇವಳದು ಬೋರ್ಡು ಬರೆಯುವ ಕೆಲಸ. ದಾಸವಾಳದ ‘ಳ’ ಎಷ್ಟು ದುಂಡಗಿರಬೇಕು ಎಂದು ಕೇಳಿದರೆ ಹೇಳುತ್ತಾಳೆ. ಎಲೆ ಎಷ್ಟು ದುಂಡಗಿರುತ್ತದೆ ಎಂದರೆ ಗೋಡೆ ನೋಡುತ್ತಾಳೆ. ಹಾಗಿದ್ದೂ ಹೂಂ ಅಂದಳು. ಯಾಕೆಂದರೆ ಬೋರ್ಡು ಬರೆಯುವವಳನ್ನು ಯಾರೂ ಏನೂ ಕೇಳುವುದಿಲ್ಲ. ಬೋರ್ಡನ್ನು ಓದಿಕೊಂಡು ಮುಂದೆ ಹೋಗುತ್ತಾರೆ. ಅಷ್ಟು ನಂಬಿಕೆಯ ಕಣ್ಣಿಟ್ಟು ಅವಳನ್ನು ಒಂದು ಮಾತು ಕೇಳಿದವನು ಅವನೇ ಮೊದಲು.

ಆ ಒಂದು ಹೂಂ ಸಣ್ಣ ಬೀಜದಷ್ಟಿತ್ತು. ಕಳೆಯ ಬೀಜವೂ ಸಣ್ಣದೇ.

*

ಅವನಿಗೆ ಮುಖ್ಯರಸ್ತೆಯಲ್ಲಿ ಕನ್ನಡಕದ ಅಂಗಡಿ. ಮಧ್ಯಾಹ್ನ ಅಂಗಡಿಗೆ ಅರ್ಧ ಬಾಗಿಲು ಹಾಕಿ, ಬೇಲಿ ಬದಿಯಲ್ಲೋ ಖಾಲಿ ಸೈಟಿನಲ್ಲೋ ಕಿತ್ತ ಎಳೆಯ ಗಿಡಗಳನ್ನು ಆ ಗಾಜೊರೆಸುವ ಹಳದಿ ಬಟ್ಟೆಯಲ್ಲಿ ಸುತ್ತಿಕೊಂಡು ನರ್ಸರಿಗೆ ಬರತೊಡಗಿದ. ಬಂದು ಬಟ್ಟೆ ಬಿಚ್ಚುವ ರೀತಿಯಲ್ಲೇ ಒಂದು ಭಕ್ತಿ ಇರುತ್ತಿತ್ತು.

“ಗಿಡದವರೇ, ಇದು ನೋಡಿ.”

“ಒಳಗೆ ಬೆಳಕು ಚೆನ್ನಾಗಿದೆ. ನೋಡಿಕೊಂಡು ಬರ್ತೀನಿ,” ಎಂದು ಅವಳು ಒಳಗೆ ಓಡುತ್ತಿದ್ದಳು. ಒಳಗೆ ಬೆಳಕು ಇರಲಿಲ್ಲ. ಚಿಕ್ಕಮ್ಮ ಇದ್ದಳು, ಗೊಬ್ಬರದ ಚೀಲಗಳ ನಡುವೆ, ಮೊಣಕೈವರೆಗೂ ಮಣ್ಣು ಮೆತ್ತಿಕೊಂಡು.

“ಮತ್ತೆ ಬಂದನಾ ಕನ್ನಡಕ?”

“ಮೆತ್ತಗೆ, ಚಿಕ್ಕಮ್ಮ!”

“ಮೆತ್ತಗೇ ಹೇಳ್ತಿದೀನಿ. ಕನ್ನೆಸೊಪ್ಪು ಕಣೇ ಇದು. ನೀಲಿ ಹೂ ನೋಡು. ಧಾರಾಳವಾಗಿ ತಿನ್ನಲಿ. ರಸ್ತೆ ಬದೀದು ಬೇಡ ಅನ್ನು, ಔಷಧಿ ಹೊಡೆದಿರ್ತಾರೆ. ಬೇರು ತೊಳೆದು ನೆಡಲಿ.”

ಅವಳು ಹೊರಗೆ ಬಂದು, ಉಸಿರು ಸರಿಮಾಡಿಕೊಂಡು, ಮುಖ ಗಂಭೀರ ಮಾಡಿಕೊಂಡು ಹೇಳುತ್ತಿದ್ದಳು: “ಇದು ಕನ್ನೆಸೊಪ್ಪು. ಕೊಡಬಹುದು. ರಸ್ತೆ ಬದೀದು ಬೇಡ. ಬೇರು ತೊಳೆದು ನೆಡಿ.”

ಅವನು ತಲೆದೂಗುತ್ತಿದ್ದ. ತುಟಿಯ ಮೂಲೆಯಲ್ಲಿ ಏನೋ ಒಂದು ಹಾದುಹೋಗುತ್ತಿತ್ತು. ಅದನ್ನು ಅವಳು ಮೆಚ್ಚುಗೆ ಎಂದುಕೊಳ್ಳುತ್ತಿದ್ದಳು.

“ಇದು?”

“ಅಣ್ಣೆಸೊಪ್ಪು. ಅಪರೂಪಕ್ಕೊಮ್ಮೆ, ಒಂಚೂರು.”

“ಅಣ್ಣನಿಗೆ ಅಣ್ಣೆಸೊಪ್ಪು. ಹಾಗಾದ್ರೆ ತಮ್ಮನಿಗೆ ಏನು?”

“ತಮ್ಮನಿಗೆ ಉಪವಾಸ.”

“ಅದೂ ಅಪರೂಪಕ್ಕೊಮ್ಮೆ ಒಂಚೂರು ಏನಾದ್ರೂ ಸಿಗಬಹುದಾ ಅಂತ ಕೇಳಿದೆ.”

ಅವಳು ನಗು ತಡೆಯಲು ಕುಂಡವೊಂದನ್ನು ಎತ್ತಿ ಸುಮ್ಮನೆ ಆ ಕಡೆಯಿಂದ ಈ ಕಡೆಗಿಟ್ಟಳು. ಅವನು ಅದೇ ಕುಂಡವನ್ನು ಈ ಕಡೆಯಿಂದ ಆ ಕಡೆಗಿಟ್ಟ. ಅವನ ಬೆರಳ ತುದಿಗಳು ಗಾಜು ಹಿಡಿದು ಹಿಡಿದು ನುಣ್ಣಗಾಗಿದ್ದವು.

ಅವನು ಹೋದ ಮೇಲೆ ಅವಳಿಗೆ ಸಂತೋಷವೂ ನಾಚಿಕೆಯೂ ಒಂದೇ ಲೋಟದಲ್ಲಿ ಕುಡಿದಂತಾಗುತ್ತಿತ್ತು. ಹೇಳಿಬಿಡಬೇಕು. ನಾಳೆ ಹೇಳಿಬಿಡುತ್ತೇನೆ. ಆದರೆ ನಾಳೆ ಅವನು ಬಟ್ಟೆ ಬಿಚ್ಚಿ “ಗಿಡದವರೇ” ಎಂದ ಕೂಡಲೇ ಆ ನಿರ್ಧಾರ ಬೇರುಸಮೇತ ಕಿತ್ತುಹೋಗುತ್ತಿತ್ತು.

*

ಒಂದು ರಜೆಯ ದಿನ ಅವನು ಮನೆಗೆ ಕರೆದ. “ನೀವೇ ಬಂದು ನೆಟ್ಟುಕೊಟ್ಟರೆ ಅಣ್ಣನಿಗೂ ಸಮಾಧಾನ.”

ಹಿತ್ತಲು ಚಿಕ್ಕದು. ಇಟ್ಟಿಗೆ ಜೋಡಿಸಿ ಕಟ್ಟಿದ ಆವರಣದಲ್ಲಿ ಅರ್ಧ ಬಿಸಿಲು, ಅರ್ಧ ನೆರಳು. ಮಲಗಲು ಒಡೆದ ದೊಡ್ಡ ಕುಂಡವನ್ನು ಬೋರಲು ಹಾಕಿತ್ತು. ನೀರಿಗೆ ಆಳವಿಲ್ಲದ ತಟ್ಟೆ. ನಡುವೆ ಅಣ್ಣ. ಕಲ್ಲಿನಂಥ ಬೆನ್ನು, ಸುಕ್ಕುಗಟ್ಟಿದ ಕುತ್ತಿಗೆ, ಎಲ್ಲ ನೋಡಿ ಮುಗಿಸಿದ ಹಿರಿಯರ ಮುಖಭಾವ.

ಕನ್ನಡಕದವನನ್ನು ಸಾಕಿ ಬೆಳೆಸಿದ ಸೋದರತ್ತೆ ಮೆಟ್ಟಿಲ ಮೇಲೆ ಕೂತಿದ್ದರು. “ಇವಳೇನೋ ನಿನ್ನ ಗಿಡದವಳು? ಬಾಮ್ಮ. ಇವನ ಕನ್ನಡಕ ನಂಬಬೇಡ, ಊರಿಗೆಲ್ಲ ಕಣ್ಣು ಕೊಡ್ತಾನೆ, ಮನೇಲಿ ಎದುರಿಗಿರೋ ಉಪ್ಪಿನ ಡಬ್ಬಿ ಕಾಣಲ್ಲ ಇವನಿಗೆ.”

ಅವಳು ಚಿಕ್ಕಮ್ಮನಿಂದ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಬಿಸಿಲಿನ ಕಡೆ ಗರಿಕೆ, ನೆರಳಿನ ಕಡೆ ಕನ್ನೆಸೊಪ್ಪು, ಮೂಲೆಗೊಂದು ದಾಸವಾಳ, ನಡುನಡುವೆ ಗರಗಸದಂಚಿನ ಎಲೆಯ, ಹಳದಿ ಹೂವಿನ ಕಳೆ. ಅವಳು ಮಣ್ಣು ಸರಿಸಿದಳು, ಅವನು ನೀರು ಹಾಕಿದ. ಕೈ ಕೈ ತಾಗಿತು. ತಾಗಿದ್ದಕ್ಕೆ ಇಬ್ಬರೂ ಬೇರೆ ಬೇರೆ ಕಡೆ ನೋಡಿದರು. ಅಣ್ಣ ಮಾತ್ರ ಇಬ್ಬರನ್ನೂ ನೋಡಿದ.

“ಈ ಎಲೆ ಮೇಲಿರೋ ರೋಮ ಕಾಣುತ್ತಾ?” ಎಂದು ಅವನು ಒಂದು ಎಲೆಯನ್ನು ಅವಳ ಕಣ್ಣ ಮುಂದೆ ಹಿಡಿದ.

“ಕಾಣುತ್ತೆ.”

“ಈಗ?” ಹತ್ತಿರ ತಂದ.

“ಕಾಣುತ್ತೆ.”

“ಯಾವಾಗ ಸ್ಪಷ್ಟ? ಆಗಲೋ, ಈಗಲೋ?”

ಎಲೆಯ ಆಚೆ ಅವನ ಮುಖ ಎಷ್ಟು ಹತ್ತಿರವಿತ್ತೆಂದರೆ, ಅವನ ಗಾಜಿನಲ್ಲಿ ಅವಳಿಗೆ ತನ್ನ ಮುಖವೇ ಕಂಡಿತು. “ಈಗ ಎಲೆ ಬಿಟ್ಟು ಬೇರೆಲ್ಲ ಸ್ಪಷ್ಟ,” ಎಂದಳು. ಅವನ ಕಿವಿ ಕೆಂಪಾಯಿತು.

ಮಣ್ಣು ಒತ್ತುತ್ತಾ ಅವಳಿಗೆ ಅರಿವಿಲ್ಲದೆ ಬಾಯಲ್ಲಿ ಒಂದು ಪದ ಬಂದಿತ್ತು. ಅತ್ತೆ ಕಿವಿ ಕೊಟ್ಟರು. “ಏನಮ್ಮ ಅದು? ಜೋರಾಗಿ ಹೇಳು.”

“ನಮ್ಮಜ್ಜಿ ಸೊಪ್ಪು ಕೀಳೋಕೆ ಹೋಗುವಾಗ ಹೇಳ್ತಿದ್ರು. ರಾಗ ಮಾತ್ರ ಚೆನ್ನಾಗಿ ನೆನಪಿದೆ.” ಅವಳು ನಾಚುತ್ತಲೇ ಹೇಳಿದಳು:

ಹಲ್ಲಿನಂಚಿನ ಎಲೆಯ ತಾರೇ, ಹಳದಿ ಹೂವಿನ ಗಿಡವ ತಾರೇ,
ಕಿತ್ತ ಕಡೆಯಲಿ ಹಾಲು ಬಂದರೆ ಹೂವ ನೋಡದೆ ಮುಟ್ಟಬೇಡೇ;
ಹಳದಿ ಕಂಡರೆ ಬುಟ್ಟಿಗಿಡು ನೀ, ಹೂವೆ ಕಾಣದೆ ಇರಲು ಬಿಡು ನೀ.

ಅತ್ತೆ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೂ ಸ್ವಲ್ಪ ಹೊತ್ತು ಮುಚ್ಚಿಯೇ ಇದ್ದರು. “ಹಳೇ ಹೆಂಗಸರು ಸುಮ್ಮನೆ ಹಾಡ್ತಿರಲಿಲ್ಲ ಕಣಮ್ಮ. ಒಂದೊಂದು ಮಾತಿನ ಹಿಂದೆ ಯಾರದೋ ಹೊಟ್ಟೆನೋವು ಇರುತ್ತೆ.”

ಅವಳು ಆ ಮಾತನ್ನೂ ರಾಗದ ಹಾಗೆಯೇ ಕೇಳಿದಳು. ಒಳಗೆ ಇಳಿಯಲಿಲ್ಲ.

*

ಚಿಕ್ಕಮ್ಮ ನೆಂಟರ ಮನೆಗೆ ಹೋಗಿದ್ದ ದಿನ ಅವನ ಮೆಸೇಜು ಬಂತು.

‘ಗಿಡದವರೇ, ಆವರಣದೊಳಗೆ ಒಂದು ಗಿಡ ತಾನಾಗೇ ಬಂದಿದೆ. ಗೋಣಿಸೊಪ್ಪಿನ ಹಾಗೆ ನೆಲಕ್ಕೆ ಹಾಸಿಕೊಂಡಿದೆ, ಆದರೆ ದಂಟು ಸಣ್ಣ, ಕೆಂಪು. ಕಿತ್ತರೆ ಹಾಲು ಬರ್ತಿದೆ. ಹೂವು ಕಾಣ್ತಿಲ್ಲ. ಏನು ಮಾಡ್ಲಿ?’

ಅವಳ ಎದೆ ಹಿಗ್ಗಿತು. ಗೊತ್ತು! ಇದು ತನಗೆ ಗೊತ್ತು! ಚಿಕ್ಕಮ್ಮನನ್ನು ಕೇಳದೆ, ಒಳಗೆ ಓಡದೆ, ತನ್ನದೇ ತಲೆಯಿಂದ ಹೇಳಬಹುದಾದ ಮೊದಲ ಉತ್ತರ. ಹಾಲಿದೆ, ಹೂವಿಲ್ಲ. ಅಜ್ಜಿ ಹೇಳಿಯೇ ಇದ್ದಾಳಲ್ಲ.

ಉದ್ದಕ್ಕೆ ಬರೆಯತೊಡಗಿದಳು. ಬರೆದದ್ದನ್ನು ಅಳಿಸಿದಳು. ತಿಳಿದವರು ಉದ್ದ ಮಾತಾಡುವುದಿಲ್ಲ ಅನ್ನಿಸಿತು. ಚಿಕ್ಕಮ್ಮ ಯಾವ ಗಿಡಕ್ಕೂ ಎರಡು ಮಾತು ಖರ್ಚು ಮಾಡಿದವಳಲ್ಲ. ಹಾಗೆಯೇ, ಗಿಡದವರು ಹೇಳುವ ಹಾಗೆ, ಠೀವಿಯಿಂದ ಒಂದೇ ಮಾತು ಬರೆದಳು.

‘ಬಿಡಿ.’

ಆ ಕಡೆಯಿಂದ ಕೈಮುಗಿದ ಚಿತ್ರ ಬಂತು. ಹಿಂದೆಯೇ ಒಂದು ಆಮೆ.

ಅಂದು ಸಂಜೆಯವರೆಗೂ ಅವಳು ರಾಗವಾಗಿ ಕೆಲಸ ಮಾಡಿದಳು. ಗುಲಾಬಿಯ ಬೋರ್ಡಿಗೆ ಬೇಕಿಲ್ಲದ ಬಳ್ಳಿಯನ್ನೂ ಬರೆದಳು.

*

ಒಂದು ವಾರ ಕಳೆದಿರಬಹುದು. ಅವನು ಅವೇಳೆಯಲ್ಲಿ ಬಂದ. ಕನ್ನಡಕದ ಗಾಜಿನ ಮೇಲೆ ಬೆರಳಿನ ಗುರುತುಗಳಿದ್ದವು. ಅದನ್ನು ನೋಡಿಯೇ ಅವಳಿಗೆ ಏನೋ ಆಗಿದೆ ಎಂದು ಗೊತ್ತಾಯಿತು.

“ಅಣ್ಣ ಕಣ್ಣು ಬಿಡ್ತಿಲ್ಲ. ಬಾಯೆಲ್ಲ ಊದಿಕೊಂಡಿದೆ, ಜೊಲ್ಲು ಸುರೀತಿದೆ. ಏನೂ ತಿಂತಿಲ್ಲ. ಡಾಕ್ಟರು ಏನೋ ಸುಡೋ ಸೊಪ್ಪು ತಿಂದಿದಾನೆ ಅಂದ್ರು.” ಹಳದಿ ಬಟ್ಟೆ ಬಿಚ್ಚಿದ. ಕೆಂಪು ದಂಟಿನ, ಸಣ್ಣೆಲೆಯ ಕಳೆ, ಸೊಂಪಾಗಿ ಬೆಳೆದದ್ದು. ಮುರಿದ ತುದಿಯಲ್ಲಿ ಬಿಳಿ ಹನಿ. “ಇದೊಂದೇ ಹೊಸದು. ನೀವು ಬಿಡಿ ಅಂದ್ರಿ, ಬಿಟ್ಟೆ. ನಡುವೆ ಬಾಡೋ ಹಾಗಿತ್ತು, ನೀರೂ ಹಾಕಿದೆ.”

ಒಳಗಿಂದ ಬಂದ ಚಿಕ್ಕಮ್ಮ ಒಂದು ಸಲ ನೋಡಿದ್ದೇ ಬಟ್ಟೆಯನ್ನು ಕಿತ್ತುಕೊಂಡಳು. “ಅಯ್ಯೋ, ಇದನ್ನ ಯಾರಾದ್ರೂ ಬಿಡ್ತಾರಾ? ಇದರ ಹಾಲು ಬಾಯಿಗೆ ಬಿದ್ರೆ ಬಾಯಿ ಸುಡುತ್ತೆ, ಕಣ್ಣಿಗೆ ಬಿದ್ರೆ ಕಣ್ಣು! ಬೇರುಸಮೇತ ತೆಗೆದು ಬಿಸಾಕೋದು ಬಿಟ್ಟು ನೀರು ಹಾಕಿದ್ರಂತೆ ನೀರು!”

ಆಗ ಅಜ್ಜಿಯ ಪದ ಅವಳೊಳಗೆ ಮೊದಲ ಸಲ ರಾಗವಿಲ್ಲದೆ ಕೇಳಿಸಿತು. ಬಿಡು ನೀ. ಅದು ಬುಟ್ಟಿ ಹಿಡಿದು ಹೋದವಳಿಗೆ ಹೇಳಿದ ಮಾತು. ಆಕೆ ಬಿಟ್ಟರೆ ಗಿಡ ಹೊಲದಲ್ಲೇ ಉಳಿಯುತ್ತದೆ, ಮನೆಗೆ ಬರುವುದಿಲ್ಲ, ಯಾರ ಬಾಯಿಗೂ ಬೀಳುವುದಿಲ್ಲ. ಆದರೆ ತಿನ್ನುವವನೇ ಗಿಡದ ಬಳಿಗೆ ನಡೆದು ಹೋಗುವ ಜಾಗದಲ್ಲಿ ಬಿಡುವುದೆಂದರೆ ಬಡಿಸಿದ ಹಾಗೆ. ಅವಳು ‘ಅದನ್ನು ತೆಗೆಯಿರಿ, ಬೇಡ’ ಎಂದುಕೊಂಡು ಬರೆದಿದ್ದಳು. ಅವನು ‘ಇರಲಿ’ ಎಂದು ಓದಿದ್ದ. ಇನ್ನೊಂದೇ ಮಾತು ಜೊತೆಗೆ ಬರೆದಿದ್ದರೆ ಸಾಕಿತ್ತು. ಠೀವಿಗೆಂದು ಉಳಿಸಿಕೊಂಡ ಮಾತು ಅದು.

ಅವನು ಅವಳ ಕಡೆ ನೋಡಿದ. ಆ ನೋಟದಲ್ಲಿ ಆರೋಪವಿದ್ದಿದ್ದರೆ ಅವಳು ಉಳಿದುಕೊಳ್ಳುತ್ತಿದ್ದಳು. ಇರಲಿಲ್ಲ.

“ನಾನೇ ಸರಿಯಾಗಿ ವಿವರಿಸಿರಲ್ಲ,” ಎಂದ. “ನೀವು ಬೇರೆ ಯಾವುದೋ ಗಿಡ ಅಂದ್ಕೊಂಡಿರಬೇಕು. ನನ್ನದೇ ತಪ್ಪು, ಅಲ್ವಾ?”

ಹೇಳಲು ಅದೇ ಸಮಯ. ನಾಲಿಗೆಯ ತುದಿಯವರೆಗೂ ಬಂತು.

“ಇರಬಹುದು,” ಎಂದಳು.

ಅವನು ತಲೆಯಾಡಿಸಿ ಹೋದ. ಭೂಮಿ ಬಾಯಿಬಿಟ್ಟು ನುಂಗಬಾರದೇ ಎಂದು ಜನ ಸುಮ್ಮನೆ ಹೇಳುವುದಿಲ್ಲ. ಆದರೆ ಭೂಮಿ ಅಂಥ ಉಪಕಾರ ಯಾರಿಗೂ ಮಾಡಿದ್ದಿಲ್ಲ.

*

ಆಮೇಲಿನ ದಿನಗಳಲ್ಲಿ ಆಮೆಯಾದದ್ದು ಅವಳು. ಅವನ ಫೋನು ಬಂದರೆ ತೆಗೆಯಲಿಲ್ಲ. ರಸ್ತೆಯಲ್ಲಿ ಯಾರದೋ ಕನ್ನಡಕ ಬಿಸಿಲಿಗೆ ಮಿಂಚಿದರೆ ಗೊಬ್ಬರದ ಕೋಣೆಗೆ ಹೋಗಿ ನಿಂತಳು. ಅನ್ನ ತಟ್ಟೆಯಲ್ಲೇ ಆರುತ್ತಿತ್ತು. ಅಲ್ಲೊಬ್ಬ ಏನೂ ತಿನ್ನುತ್ತಿಲ್ಲ ಎನ್ನುವುದು ನೆನಪಾಗಿ ತಟ್ಟೆ ಸರಿಸಿ ಏಳುತ್ತಿದ್ದಳು. ಮಲ್ಲಿಗೆಯ ಬೋರ್ಡಿನಲ್ಲಿ ಒಂದು ‘ಲ’ ಬಿಟ್ಟುಹೋಯಿತು.

“ಮಲಿಗೆಯಂತೆ! ಅದ್ಯಾವ ಹೂವೇ?” ಚಿಕ್ಕಮ್ಮ ಬೋರ್ಡು ಎತ್ತಿ ಹಿಡಿದಳು. “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡಂತೆ. ನಿನ್ನ ಹೆಗಲ ಮೇಲೆ ಏನಿದೆ ಹೇಳು.”

ಹೇಳಿದಳು. ಮೊದಲ ಹೂಂ, ಆಮೇಲಿನ ಬಿಡಿ, ಕೊನೆಯ ಇರಬಹುದು. ಮೂರನೆಯದನ್ನು ಹೇಳುವಾಗ ಮುಖ ಮುಚ್ಚಿಕೊಂಡಳು.

“ಬಿಡಿ ಅಂದಿದ್ದು ಬುದ್ಧಿ ಸಾಲದ್ದಕ್ಕೆ,” ಎಂದಳು ಚಿಕ್ಕಮ್ಮ, ಅವಳ ಮಟ್ಟಿಗೆ ಮೆತ್ತಗೆ. “ಇರಬಹುದು ಅಂದೆಯಲ್ಲ, ಅದು ಬುದ್ಧಿ ಇದ್ದಿದ್ದಕ್ಕೆ. ಅದಕ್ಕೆ ನಾಚಿಕೆ ಪಡು. ಆದ್ರೆ ನನ್ನ ಮುಂದೆ ಯಾಕೆ ಅಳ್ತೀಯಾ? ನಾನೇನು ಆಮೆಯಾ?”

*

ಮಧ್ಯಾಹ್ನದ ಬಿಸಿಲಲ್ಲಿ ಅವಳು ಅವನ ಮನೆಯ ಗೇಟು ಹಿಡಿದು ನಿಂತಾಗ ಹಿತ್ತಲಿಂದ ಅತ್ತೆಯ ದನಿ ಕೇಳುತ್ತಿತ್ತು.

“ಊರವರ ಕಣ್ಣು ಪರೀಕ್ಷೆ ಮಾಡ್ತಾನಂತೆ! ಕಾಲ ಬುಡದಲ್ಲಿ ಬೆಳೆದ ವಿಷ ಕಾಣಲಿಲ್ಲ ನಿನಗೆ. ಅದಕ್ಕೆ ನೀರು ಬೇರೆ! ನಿಮ್ಮಪ್ಪ ಇವನನ್ನ ಅಂಗೈಲಿಟ್ಕೊಂಡು ತಂದಿದ್ದು ಕಣೋ, ಅಂಗೈಲಿ! ನಿನ್ನ ಕೈಗೆ ಕೊಟ್ಟು ಹೋಗಿದ್ದು ಇದಕ್ಕಾ?”

ಅವನ ಉತ್ತರ ಕೇಳಿಸಲಿಲ್ಲ. ಅವನು ಉತ್ತರ ಕೊಡುತ್ತಿರಲಿಲ್ಲ. ತನ್ನದಲ್ಲದ ಬೈಗುಳವನ್ನು ಅವನು ಇಷ್ಟು ದಿನವೂ ಹೀಗೆ ತಲೆ ತಗ್ಗಿಸಿ ಉಣ್ಣುತ್ತಿದ್ದ ಎನ್ನುವುದು ಅವಳಿಗೆ ಗೇಟಿನ ಕಾದ ಕಬ್ಬಿಣದ ಹಾಗೆ ಅಂಗೈಗೆ ತಾಗಿತು. ಒಳಗೆ ಹೋದಳು.

ಅತ್ತೆ ಅಗಲವಾದ ತೊಟ್ಟಿಯಲ್ಲಿ ಉಗುರುಬೆಚ್ಚನೆಯ ನೀರಿಟ್ಟು ಅಣ್ಣನನ್ನು ಹಿಡಿದು ಕೂರಿಸಿದ್ದರು. ಕುತ್ತಿಗೆ ಜೋತುಬಿದ್ದಿತ್ತು. ಕಣ್ಣುಗಳ ಜಾಗದಲ್ಲಿ ಊದಿದ ಎರಡು ಗೆರೆ. ಪಕ್ಕದಲ್ಲಿ ಅವನು, ಔಷಧಿಯ ಡ್ರಾಪರ್ ಹಿಡಿದು. ಅವಳನ್ನು ಕಂಡು ಎದ್ದು ನಿಂತ. ಮುಖ ಅರಳುವುದಕ್ಕೆ ಹೋಗಿ, ಅರಳಬಾರದೆಂದು ನೆನಪಾಗಿ, ನಡುವೆ ನಿಂತಿತು.

ಅವಳು ಕೂರಲಿಲ್ಲ. ಕೂತರೆ ಹೇಳಲಾರಳು.

“ಅತ್ತೆ, ಅವರನ್ನ ಬೈಬೇಡಿ. ಬಿಡಿ ಅಂತ ಹೇಳಿದ್ದು ನಾನು. ಅವರು ಗಿಡನ ಸರಿಯಾಗೇ ವಿವರಿಸಿದ್ರು, ದಂಟು, ಹಾಲು, ಎಲ್ಲ. ನಾನು ಬೇಡ ಅನ್ನೋ ಅರ್ಥದಲ್ಲಿ ಬಿಡಿ ಅಂದೆ. ತೆಗೆದು ಬಿಸಾಕಿ ಅಂತ ಬಿಡಿಸಿ ಹೇಳಬೇಕಿತ್ತು, ದೊಡ್ಡವಳ ಹಾಗೆ ಕಾಣೋಕೆ ಒಂದೇ ಮಾತಲ್ಲಿ ಹೇಳಿದೆ.” ಉಸಿರು ತೆಗೆದುಕೊಂಡಳು. “ಆಮೇಲೆ ಅವರು ತಪ್ಪು ತನ್ನದೇ ಅಂದಾಗ ಇರಬಹುದು ಅಂದೆ. ನನ್ನದು ಅಂತ ಗೊತ್ತಿದ್ದೂ ಅಂದೆ. ಇನ್ನೊಂದು. ನಾನು ಗಿಡದವಳಲ್ಲ. ಬೋರ್ಡು ಬರೆಯೋಳು. ಹೇಳಿದ್ದೆಲ್ಲ ಚಿಕ್ಕಮ್ಮನ್ನ ಕೇಳಿ ಹೇಳಿದ್ದು. ಸ್ವಂತವಾಗಿ ಹೇಳಿದ್ದು ಅದೊಂದೇ.”

ತೊಟ್ಟಿಯ ನೀರು ಅಲುಗುವುದು ಕೇಳುತ್ತಿತ್ತು.

ಅತ್ತೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಬಾ ಇಲ್ಲಿ. ಇವನನ್ನ ಹಿಡ್ಕೋ. ನನ್ನ ಸೊಂಟ ಬಿದ್ದುಹೋಯ್ತು.”

“ಬೈಯಲ್ವಾ, ಅತ್ತೆ?”

“ಬೈತೀನಿ, ಬೈದೇ ಇರ್ತೀನಾ? ಇವನು ಮೊದಲು ಕಣ್ಣು ಬಿಡಲಿ. ಇಬ್ಬರಿಗೂ ಸೇರಿಸಿ ಬೈತೀನಿ, ಹಿಡಿ.”

ಅವಳು ನೀರಿಗೆ ಕೈ ಇಳಿಸಿ ಅಣ್ಣನ ಗದ್ದಕ್ಕೆ ಬೆರಳು ಆಸರೆ ಕೊಟ್ಟಳು. ಎಷ್ಟು ಭಾರದ ಬೆನ್ನು, ಎಷ್ಟು ಹಗುರವಾದ ತಲೆ. ‘ದೇವರೇ, ನನಗೆ ಕ್ಷಮೆ ಬೇಡ, ಇವನಿಗೆ ಹಸಿವು ಕೊಡು’ ಎಂದುಕೊಂಡಳು. ಅತ್ತೆ ಮೆಟ್ಟಿಲ ಮೇಲೆ ಕೂತು, ಯಾವಾಗಲೋ ಒಂದೇ ಸಲ ಕೇಳಿದ್ದ ಆ ಪದವನ್ನು ತಪ್ಪು ತಪ್ಪಾಗಿ ಗುನುಗತೊಡಗಿದರು. ಅವಳ ಕಣ್ಣು ತುಂಬಿತು. ಎರಡೂ ಕೈ ನೀರಿನಲ್ಲಿದ್ದುದರಿಂದ ಒರೆಸಿಕೊಳ್ಳಲಾಗಲಿಲ್ಲ.

ಬಹಳ ಹೊತ್ತಿನ ಮೇಲೆ ಬಲಗಣ್ಣಿನ ಗೆರೆ ಅಲುಗಿತು. ಮೆಲ್ಲಗೆ, ಹಳೆಯ ಬಾಗಿಲು ತೆರೆದ ಹಾಗೆ.

“ಕಣ್ಣು ಬಿಟ್ಟ!” ಅವನು ಕೂಗಿಬಿಟ್ಟ. “ಅತ್ತೆ, ಒಂದು ಕಣ್ಣು ಬಿಟ್ಟ!”

ಅವಳು ಅಣ್ಣನನ್ನು ಅವನ ಕೈಗೊಪ್ಪಿಸಿ, ಆವರಣದಿಂದ ಹಳದಿ ಹೂವೊಂದನ್ನು ತಂದು ಅಣ್ಣನ ಮುಂದೆ ಹಿಡಿದಳು. ಅಣ್ಣ ಹೂವನ್ನು ನೋಡಿದ. ಅವಳನ್ನೂ ನೋಡಿದ. ಮುಖವನ್ನು ಆ ಕಡೆ ತಿರುಗಿಸಿಕೊಂಡ.

“ಮುನಿಸಿಕೊಂಡಿದಾನೆ,” ಎಂದರು ಅತ್ತೆ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ. “ಮುನಿಸು ಬಂತು ಅಂದ್ರೆ ಜೀವ ಬಂತು ಅಂತ. ಹೋಗಿ, ಅಲ್ಲಿ ಉಳಿದ ಬೇರು ತೆಗೀರಿ ಇಬ್ಬರೂ. ಒಂದು ಎಳೆಯೂ ಉಳೀಬಾರದು.”

*

ಮೇಲಿನ ಗಿಡ ಕಿತ್ತಿದ್ದರೂ ಬೇರುಗಳು ಇಟ್ಟಿಗೆ ಸಂದಿಯಲ್ಲಿ ಉಳಿದು ಮತ್ತೆ ಚಿಗುರಿದ್ದವು. ಇಬ್ಬರೂ ಅಕ್ಕಪಕ್ಕ ಕೂತು ಕೆದಕಿದರು.

“ನೀವು ಗಿಡದವರಲ್ಲ ಅಂತ ನನಗೆ ಗೊತ್ತಿತ್ತು,” ಎಂದ ಅವನು, ಬೇರನ್ನೇ ನೋಡುತ್ತಾ.

ಅವಳ ಕೈ ನಿಂತಿತು.

“ನಿಮ್ಮ ಚಿಕ್ಕಮ್ಮ ಮೆತ್ತಗೆ ಮಾತಾಡಿದ್ರೆ ಬಸ್‌ಸ್ಟಾಪಿಗೆ ಕೇಳಿಸುತ್ತೆ. ‘ಮತ್ತೆ ಬಂದನಾ ಕನ್ನಡಕ’ ಅನ್ನೋದು ಪ್ರತಿಸಲ ಕೇಳಿದೀನಿ. ಒಂದೇ ಗಿಡನ ಎರಡು ಸಲ ತಂದಿದ್ದೂ ಇದೆ. ನೀವು ಒಳಗೆ ಓಡಿ, ಗಂಭೀರವಾಗಿ ಹೊರಗೆ ಬರೋದು ನೋಡೋಕೆ.”

“ಮತ್ತೆ ಅವತ್ತು ನನ್ನನ್ನ ಯಾಕೆ ಕೇಳಿದ್ರಿ? ಚಿಕ್ಕಮ್ಮನ್ನ ಕೇಳಬಹುದಿತ್ತು!”

“ಕೇಳಬಹುದಿತ್ತು. ಡಾಕ್ಟರನ್ನೂ ಕೇಳಬಹುದಿತ್ತು.” ಅವನ ದನಿ ಇಳಿಯಿತು. “ನಿಮ್ಮಿಂದ ಒಂದು ಮೆಸೇಜು ಬರಲಿ ಅಂತ ಕೇಳಿದೆ. ಅಣ್ಣನ ಹೊಟ್ಟೆ ಮೇಲೆ ನನ್ನ ಆಸೆ ಇಟ್ಟೆ. ಬಿಡಿ ಅಂತ ಬಂದಾಗ ಯಾವ ಬಿಡಿ ಅಂತಾನೂ ಕೇಳಲಿಲ್ಲ, ಬಂತಲ್ಲ ಅನ್ನೋ ಖುಷೀಲಿ. ಅತ್ತೆ ಬೈದಿದ್ದು ಸುಳ್ಳಲ್ಲ. ಅದಕ್ಕೇ ಸುಮ್ಮನಿದ್ದೆ.”

ನಾಚಿಕೆ ಹಂಚಿಕೊಂಡರೆ ಅರ್ಧವಾಗುವುದಿಲ್ಲ. ಆದರೆ ಒಬ್ಬಳೇ ಹೊತ್ತದ್ದನ್ನು ಕೆಳಗಿಟ್ಟು ನೋಡುವಷ್ಟು ಜಾಗ ಸಿಕ್ಕಿತು. ಕೊನೆಯ ಬೇರನ್ನು ಜೋರಾಗಿ ಎಳೆದಳು. ದಂಟು ಫಟ್ಟನೆ ಮುರಿದು ಬಿಳಿಯ ಹಾಲು ಅವಳ ಮಣಿಕಟ್ಟಿನ ಮೇಲೆ ಚಿಮ್ಮಿತು.

“ಕಣ್ಣು ಮುಟ್ಟಿಕೋಬೇಡಿ!” ಅವನು ಅವಳ ಕೈ ಹಿಡಿದು ನಲ್ಲಿಯ ಹತ್ತಿರ ಎಳೆದುಕೊಂಡು ಹೋದ. ನೀರು ಬಿಟ್ಟು, ಸೋಪು ಹಚ್ಚಿ, ಆ ನುಣ್ಣನೆಯ ಬೆರಳುಗಳಿಂದ ತೊಳೆದ. ಮೊದಲು ಎಡಗಾಜು, ಆಮೇಲೆ ಬಲಗಾಜು ಒರೆಸಿದಷ್ಟೇ ಜೋಪಾನವಾಗಿ. ಹಾಲು ಯಾವಾಗಲೋ ಹೋಗಿತ್ತು. ಅವನು ತೊಳೆಯುತ್ತಲೇ ಇದ್ದ. ಹಳದಿ ಬಟ್ಟೆ ತೆಗೆದು ಒರೆಸಿದ. ಒರೆಸಿದ ಮೇಲೂ ಹಿಡಿದೇ ಇದ್ದ.

“ಕೈ ಬಿಡಿ,” ಎಂದಳು ಅವಳು, ನೆಲ ನೋಡುತ್ತಾ. “ಅತ್ತೆ ನೋಡ್ತಿದಾರೆ.”

“ಅತ್ತೆಗೆ ದೂರದ್ದು ಕಾಣಲ್ಲ. ಅವರ ಕನ್ನಡಕ ನಾನೇ ಮಾಡಿಕೊಟ್ಟಿದ್ದು.”

“ತಮಾಷೆ ಅಲ್ಲ. ನಿಜವಾಗ್ಲೂ ಹೇಳ್ತಿದೀನಿ. ಅಣ್ಣ ಇನ್ನೂ ಒಂದು ಎಲೆ ತಿಂದಿಲ್ಲ. ನನಗೆ ನನ್ನ ಮುಖ ನೋಡ್ಕೊಳ್ಳೋಕೆ ಆಗ್ತಿಲ್ಲ. ಹೆದರಿಕೆಯಾದ್ರೆ ಸುಳ್ಳು ಹೇಳೋಳು ನಾನು, ಈಗ ನಿಮಗೂ ಗೊತ್ತಾಯ್ತು. ನನ್ನಂಥವಳ ಕೈ ಬಿಟ್ಟುಬಿಡಿ.”

ಅವನು ಈ ಸಲ ಕೇಳದೆ ಇರಲಿಲ್ಲ.

“ಬಿಡಿ ಅಂದ್ರೆ, ಯಾವ ಬಿಡಿ?”

“ಯಾವುದಾದರೂ ಆಗಲಿ. ಬಿಡಿ.”

“ಬಿಡಲ್ಲ,” ಎಂದ ಅವನು.